ತುರಿಕೆ ಕೈಯಲ್ಲಿ, ಗಂಟು ಕಂಕುಳಲ್ಲಿ

ಪ್ರಶ್ನೆ: ಗೇರುಬೀಜ ಒಡೆಯುವವರ ಕೈ ವರ್ಷಗಟ್ಟಲೆ ತುರಿಸುತ್ತದೆ. ಇದು ಬರೀ ಚರ್ಮದ ಕಾಯಿಲೆಯೇ?

ಉತ್ತರ: ಅಲ್ಲ. ಭಟ್ಕಳ, ಹೊನ್ನಾವರ, ಕುಮಟಾದ ಬೇಣಗಳಲ್ಲಿ ಬೆಳೆಯುವ ಗೇರಿನ ಬೀಜದ ಸಿಪ್ಪೆಯಲ್ಲಿ ಅನಕಾರ್ಡಿಕ್ ಆಮ್ಲ, ಕಾರ್ಡಾಲ್ ಇರುವ ಎಣ್ಣೆಯಿದೆ. ಅದು ಮೊದಲ ದಿನವೇ ಚರ್ಮ ಸುಡಬಲ್ಲದು. ಹಾಗಾದರೆ ಇದು ಸುಟ್ಟಗಾಯವಷ್ಟೇ ಎನ್ನಬಹುದು. ಆದರೆ ಸುಟ್ಟಗಾಯಕ್ಕೆ ನೆನಪಿರುವುದಿಲ್ಲ. ಅಲರ್ಜಿ ಅಂಟಿದವರಿಗೆ ತಿಂಗಳುಗಳ ನಂತರ ತುಸು ಎಣ್ಣೆ ತಾಗಿದರೂ ಒಂದೆರಡು ದಿನದಲ್ಲಿ ಗುಳ್ಳೆ ಏಳುತ್ತದೆ. ಕೆಲವರಿಗೆ ಅದೇ ಕುಟುಂಬದ ಮಾವಿನ ಸೊನೆಯೂ ಆಗದು. ಆ ನೆನಪು ಇರುವುದು ಟಿ ಲಿಂಫೋಸೈಟ್‌ಗಳಲ್ಲಿ. ಎಣ್ಣೆಯ ಅಂಶ ಅಂಟಿದ ಪ್ರೋಟೀನನ್ನು ಚರ್ಮದ ಡೆಂಡ್ರಿಟಿಕ್ ಕೋಶಗಳು ಕಂಕುಳಿನ ದುಗ್ಧಗ್ರಂಥಿಗೆ ಒಯ್ಯುತ್ತವೆ. ಅದನ್ನು ಗುರುತಿಸುವ ಟಿ ಕೋಶಗಳು ಅಲ್ಲಿ ಹಲವು ಪಟ್ಟು ಹೆಚ್ಚಿ, ರಕ್ತದ ದಾರಿಯಲ್ಲಿ ಚರ್ಮಕ್ಕೆ ಮರಳುತ್ತವೆ. ಉರಿಯೂತ ತೀವ್ರವಾಗಿ ಬಹುಕಾಲ ಉಳಿದರೆ ಗ್ರಂಥಿಯೇ ಊದಿ ಬೆರಳಿಗೆ ಸಿಗುವ ಗಂಟಾಗಬಹುದು.

ಹಾಗೆಂದು ರೋಗನಿರೋಧಕ ಶಕ್ತಿಯೇ ಕುಸಿಯುತ್ತದೆಯೇ? ಚರ್ಮದ ಉರಿಯೂತ ಹಳತಾದ ಪ್ರಯೋಗದ ಇಲಿಗಳಲ್ಲಿ ಗುಲ್ಮ ಹಿಗ್ಗಿದ್ದು, ಟಿ ಕೋಶ ಪಳಗುವ ಥೈಮಸ್ ಕುಗ್ಗಿದ್ದು ಕಂಡಿದೆ. ಆದರೆ ಅವುಗಳಿಗೆ ಮೈಯ ಬಹುಭಾಗವೇ ಉರಿಯುತ್ತಿರುತ್ತದೆ. ಅಂಗೈಯಷ್ಟು ಜಾಗದ ಉರಿಯೂತಕ್ಕೆ ಅದನ್ನು ನೇರ ಹೊಂದಿಸುವುದು ತಪ್ಪು. ಇನ್ನು ಕಂಕುಳಿನ ಗಂಟೆಲ್ಲ ಗೇರಿನದೇ ಎಂದು ಕೂರುವುದೂ ಸಲ್ಲ: ಬಿರುಕಿನಿಂದ ನುಗ್ಗಿದ ಸೋಂಕು, ಕ್ಷಯ, ಅಪರೂಪಕ್ಕೆ ಲಿಂಫೋಮಾ ಕೂಡ ಕಾರಣವಾಗಬಹುದು. ನಾಲ್ಕು ವಾರ ಕಳೆದರೂ ಇಳಿಯದ, ಅಥವಾ ಗಟ್ಟಿಯಾಗಿ ಬೆಳೆಯುತ್ತಿರುವ ಗಂಟನ್ನು ವೈದ್ಯರಿಗೆ ತೋರಿಸಲೇಬೇಕು. ಕೈಗೆ ಬೇರೆ ಎಣ್ಣೆ, ಬೂದಿ ಸವರಿಕೊಳ್ಳುವ ರೂಢಿ ಸಿಪ್ಪೆಯ ಎಣ್ಣೆಯನ್ನು ಒಂದಿಷ್ಟು ತಡೆಯುತ್ತದೆ, ಕೈಗವಸಿನಷ್ಟು ಅಲ್ಲ.