ಆಯ್ಕೆ ತಪ್ಪಿದುದನ್ನು ಅರಿಯುವ ಬಗೆ

ವ್ಯಾಪಾರಸ್ಥನು ಸರಕನ್ನು ಕೊಳ್ಳುವಾಗ ತೋರಿಸುವ ಎಚ್ಚರಿಕೆಯನ್ನು ನೌಕರನನ್ನು ಗೊತ್ತುಮಾಡಿಕೊಳ್ಳುವಾಗ ತೋರಿಸುವುದು ಅಪರೂಪ. ತೊಗರಿಯ ಚೀಲವನ್ನು ಬಿಚ್ಚಿಸಿ, ನಡುವಿನಿಂದ ಒಂದು ಹಿಡಿ ಕಾಳನ್ನು ತೆಗೆಸಿ, ಹಲ್ಲಿನಲ್ಲಿ ಕಡಿದು ನೋಡುವವನೇ ಗುಮಾಸ್ತನನ್ನು ಮಾತ್ರ ಒಂದು ಶಿಫಾರಸು ಕಾಗದದ ಮೇಲೆ ಒಪ್ಪಿಕೊಂಡುಬಿಡುತ್ತಾನೆ. ಹಾಗೆ ಒಪ್ಪಿಕೊಂಡ ಮೇಲೆ, ಆಯ್ಕೆ ತಪ್ಪಿತೆಂಬುದನ್ನು ತಿಳಿಯುವುದು ಹೇಗೆ ಎಂಬುದೇ ಇಂದಿನ ಭಾಷಣದ ವಿಷಯ.

ತಡವಾಗಿ ಬರುವುದು, ಎದುರು ಮಾತನಾಡುವುದು, ಲೆಕ್ಕದಲ್ಲಿ ವ್ಯತ್ಯಾಸ, ಇವು ಯಾರ ಕಣ್ಣಿಗೂ ಬೀಳತಕ್ಕ ಚಿಹ್ನೆಗಳು. ಕಷ್ಟವಿರುವುದು ಬೇರೆ ಕಡೆ. ತಪ್ಪಾಗಿ ಆರಿಸಿದವನ ದೋಷವು ಅನೇಕ ವೇಳೆ ಅವನ ಕೈಯಲ್ಲಿ ಕಾಣದೆ ಮತ್ತೊಬ್ಬನ ಕೈಯಲ್ಲಿ ಕಾಣಿಸಿಕೊಳ್ಳುತ್ತದೆ.

ಚಿಂಚೋಳಿ ತಾಲ್ಲೂಕಿನ ಐನಾಪುರದ ಕಡೆಯವರಾದ ನನ್ನ ಪರಿಚಿತರೊಬ್ಬರು ಬೇಳೆಯ ಗಿರಣಿಯನ್ನು ನಡೆಸುತ್ತಾರೆ. ಆ ಸೀಮೆಯ ತೊಗರಿಯ ಹಿರಿಮೆ ಎಲ್ಲರಿಗೂ ತಿಳಿದದ್ದೇ; 2019ರಲ್ಲಿ ಕಲಬುರಗಿಯ ತೊಗರಿಬೇಳೆಗೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಗಿರಣಿಯಲ್ಲಿ ಕಾಳನ್ನು ಒರಟು ಕಲ್ಲಿನ ಉರುಳೆಗೆ ಕೊಟ್ಟು ಸಿಪ್ಪೆಯನ್ನು ಗೀರುತ್ತಾರೆ; ಎಣ್ಣೆ ಸವರಿ ಬಿಸಿಲಿನಲ್ಲಿ ಹರವುತ್ತಾರೆ; ಬಳಿಕ ಸಿಪ್ಪೆ ಬಿಡಿಸಿ ಒಡೆಯುತ್ತಾರೆ. ಕಾಳಿನಲ್ಲಿ ಬೇಳೆಯ ಅಂಶವು ನೂರಕ್ಕೆ ಸುಮಾರು 85 ಇದ್ದರೂ, ಹಳೆಯ ಪದ್ಧತಿಯ ಗಿರಣಿಯಲ್ಲಿ ಕೈಸೇರುವುದು 70ರಿಂದ 75ರಷ್ಟು ಮಾತ್ರ. ಉಳಿದುದು ಹೊಟ್ಟು, ನುಚ್ಚು, ಹಿಟ್ಟು. ಗಿರಣಿಯ ಲಾಭನಷ್ಟವನ್ನು ನುಚ್ಚಿನ ರಾಶಿಯಲ್ಲಿಯೇ ಓದಬಹುದು.

ಒಂದು ವರ್ಷ ಆ ರಾಶಿ ಬೆಳೆಯತೊಡಗಿತು. ಉರುಳೆಯನ್ನು ನೋಡಿಕೊಳ್ಳುತ್ತಿದ್ದ ಹಳೆಯ ಕೆಲಸಗಾರನಿಗೆ ವಯಸ್ಸಾಯಿತು, ಕೈ ತಪ್ಪುತ್ತಿದೆ ಎಂದು ಯಜಮಾನರು ಊಹಿಸಿದರು. "ಧಣಿ, ಕಾಳು ಒಂದೇ ಸಮ ಇಲ್ಲ" ಎಂದು ಅವನು ಎರಡು ಸಲ ಹೇಳಿದನಂತೆ. ಅದನ್ನು ನೆಪವೆಂದು ತಿಳಿದು ಅವನನ್ನು ಬಿಡಿಸಿದರು. ಹೊಸಬನು ಬಂದನು, ನುಚ್ಚು ಎಳ್ಳಷ್ಟೂ ಇಳಿಯಲಿಲ್ಲ.

ಆಗ ಹಿಂದಿನ ಪುಸ್ತಕಗಳನ್ನು ತೆಗೆದು ನೋಡಿದರೆ, ನುಚ್ಚು ಏರಿದ ತಿಂಗಳೂ ಖರೀದಿಗೆ ಹೊಸ ಮನುಷ್ಯನು ಬಂದ ತಿಂಗಳೂ ಒಂದೇ ಆಗಿದ್ದುವು. ಅವನು ಯಜಮಾನರ ಹೆಂಡತಿಯ ತಮ್ಮ. ವಿನಯವಂತ, ಮಾತಿನಲ್ಲಿ ಚತುರ. ಬೇರೆ ಬೇರೆ ಹಳ್ಳಿಗಳ ಕಾಳನ್ನು, ದಪ್ಪದ್ದನ್ನೂ ಸಣ್ಣದ್ದನ್ನೂ, ಹಸಿಯದ್ದನ್ನೂ ಒಣಗಿದ್ದನ್ನೂ, ಅಗ್ಗವಾಗಿ ಸಿಕ್ಕಿತೆಂದು ಒಂದೇ ರಾಶಿಗೆ ಸುರಿಸುತ್ತಿದ್ದನು. ಒಂದೇ ಅಂತರಕ್ಕೆ ಕೂಡಿಸಿದ ಯಂತ್ರದಲ್ಲಿ ದಪ್ಪ ಕಾಳು ಪುಡಿಯಾಗುತ್ತದೆ, ಸಣ್ಣದು ಸಿಪ್ಪೆ ಬಿಡದೆ ಜಾರುತ್ತದೆ; ಯಂತ್ರದ ಮುಂದೆ ಯಾರು ನಿಂತರೂ ಅಷ್ಟೆ. ಕೊಳ್ಳುವವನ ಲೆಕ್ಕದಲ್ಲಿ ಉಳಿತಾಯ, ಒಡೆಯುವವನ ಲೆಕ್ಕದಲ್ಲಿ ನಷ್ಟ! ಗಿರಣಿಯಲ್ಲಿ ಇದು ಎಲ್ಲರಿಗೂ ತಿಳಿದಿತ್ತು. ಧಣಿಯ ನಂಟನ ಮೇಲೆ ಹೇಳುವವರು ಯಾರು?

ನಮ್ಮ ಆಯ್ಕೆಯ ತಪ್ಪು ನಮಗೇ ಕೊನೆಗೆ ತಿಳಿಯುವುದು ಇದಕ್ಕಾಗಿಯೇ. ಆರಿಸಿದವನಿಗೆ ತನ್ನ ವಿವೇಚನೆಯ ಮೇಲೆ ಅಭಿಮಾನವಿರುತ್ತದೆ. ಕೆಳಗಿನವರಿಗೆ ಅನ್ನದ ಭಯವಿರುತ್ತದೆ. ಆದಕಾರಣ ಹೊಸಬನೊಬ್ಬನು ಬಂದ ಮೇಲೆ ಅವನ ಸುತ್ತಲಿನವರ ಕೆಲಸವು ಹೇಗೆ ಬದಲಾಯಿತೆಂಬುದನ್ನು ನೋಡತಕ್ಕದ್ದು. ಹಳಬರು ಅವನ ಕಾಗದಗಳನ್ನು ಸದ್ದಿಲ್ಲದೆ ತಿದ್ದುತ್ತಿರುವರೇ? ಗಿರಾಕಿಗಳು ಅವನನ್ನು ಬಿಟ್ಟು ಮತ್ತೊಬ್ಬನನ್ನು ಕೇಳಿಕೊಂಡು ಬರುವರೇ? ಶಿಫಾರಸು ಕಾಗದಕ್ಕಿಂತ ಇವು ನಂಬತಕ್ಕ ಸಾಕ್ಷಿಗಳು.

ಇನ್ನೊಂದು ಬಗೆಯ ತಪ್ಪೂ ಉಂಟು. ಅಲ್ಲಿ ಮನುಷ್ಯನು ಸಮರ್ಥನೇ, ಹೊಂದಿಕೆ ಮಾತ್ರ ಇಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಉತ್ಪಾದನೆಯನ್ನಾರಂಭಿಸಿ ನಷ್ಟದಲ್ಲಿ ಸಿಲುಕಿದಾಗ, ಅದರ ಆಡಳಿತವನ್ನು ವಹಿಸಿಕೊಂಡ ಸರ್ ಎಂ. ವಿಶ್ವೇಶ್ವರಯ್ಯನವರು ಹೆಚ್ಚು ಸಂಬಳದ ವಿದೇಶೀ ತಜ್ಞರನ್ನು ಕಡಮೆಮಾಡಿ, ಈ ದೇಶದವರನ್ನೇ ತರಬೇತುಗೊಳಿಸಿ ಆ ಸ್ಥಾನಗಳಿಗೆ ತಂದರು. ಆ ತಜ್ಞರು ಅಯೋಗ್ಯರೆಂದು ಇದರ ಅರ್ಥವಲ್ಲ. ಅವರ ವೆಚ್ಚವನ್ನು ಆ ಕಾರ್ಖಾನೆಯ ಆದಾಯವು ಹೊರಲಾರದಾಗಿತ್ತು. ಇಂಥಲ್ಲಿ ನೌಕರನ ಗುಣದೋಷಗಳನ್ನು ಎಣಿಸುತ್ತ ಕೂತರೆ ಫಲವಿಲ್ಲ, ಹುದ್ದೆಯನ್ನೇ ಮತ್ತೆ ಅಳೆಯಬೇಕು.

ಗಿರಣಿಯ ಮಾತಿಗೆ ಬರುತ್ತೇನೆ. ಈಗ ಅಲ್ಲಿ ಪ್ರತಿಯೊಂದು ಖರೀದಿಯ ಎದುರಿಗೆ, ಅದೇ ಸಾಲಿನಲ್ಲಿ, ಆ ಕಾಳಿನಿಂದ ಬಂದ ಬೇಳೆಯ ಮತ್ತು ನುಚ್ಚಿನ ತೂಕವನ್ನು ಬರೆಯುತ್ತಾರೆ. ಭಾವಮೈದುನನನ್ನು ಬಾಕಿ ವಸೂಲಿಗೆ ಹಾಕಿದ್ದಾರೆ. ಮಾತಿನ ಚಾತುರ್ಯವು ಅಲ್ಲಿ ಚೆನ್ನಾಗಿ ಉಪಯೋಗಕ್ಕೆ ಬಂದಿದೆ. ಹಳೆಯ ಕೆಲಸಗಾರನನ್ನು ಮರಳಿ ಕರೆಯಲು ಯಜಮಾನರು ತಾವೇ ಅವನ ಮನೆಗೆ ಹೋದರು. ಅವನು ಅಷ್ಟರಲ್ಲಿ ಮಗನೊಡನೆ ಕೂಲಿಗಾಗಿ ಹೈದರಾಬಾದಿಗೆ ಹೊರಟುಹೋಗಿದ್ದನು.