ಬಹಿಷ್ಕಾರದ ಬಲವೆಲ್ಲಿದೆ?

ಸಮಾಜವು ವ್ಯಕ್ತಿಯನ್ನು ತನ್ನ ಅಂಕೆಯಲ್ಲಿಟ್ಟುಕೊಳ್ಳುವ ಬಗೆ ಯಾವುದೆಂಬ ಪ್ರಶ್ನೆ ಹಳೆಯದು. ಅದಕ್ಕೆ ಶಾಸ್ತ್ರದ ರೂಪ ಬಂದುದು ಈಚೆಗೆ. ಸಾಮಾಜಿಕ ಸಂಗತಿಗಳು ವ್ಯಕ್ತಿಯ ಹೊರಗಿದ್ದು ಆತನನ್ನು ನಿರ್ಬಂಧಿಸತಕ್ಕವುಗಳೆಂದು ಫ್ರಾನ್ಸಿನ ಎಮಿಲ್ ಡರ್ಕ್‌ಹೈಮ್ ಪಂಡಿತರು 1895ರಲ್ಲಿ ಪ್ರತಿಪಾದಿಸಿದರು. ಅಮೆರಿಕದ ಎಡ್ವರ್ಡ್ ರಾಸ್ ಎಂಬವರು 1901ರಲ್ಲಿ ‘ಸೋಷಿಯಲ್ ಕಂಟ್ರೋಲ್’ ಎಂಬ ಗ್ರಂಥವನ್ನೇ ಬರೆದು, ಕಾನೂನು, ಲೋಕಾಭಿಪ್ರಾಯ, ಶಿಕ್ಷಣ, ಸಂಪ್ರದಾಯ ಮೊದಲಾದ ಸಾಧನಗಳನ್ನು ವಿವರಿಸಿದರು. ಸಮಾಜದ ಹತೋಟಿ ಬೇರೆ, ಒಂದು ವರ್ಗವು ತನ್ನ ಸ್ವಾರ್ಥಕ್ಕಾಗಿ ನಡೆಸುವ ಹತೋಟಿ ಬೇರೆ ಎಂಬ ವಿಂಗಡಣೆಯನ್ನೂ ಅವರು ಮಾಡಿರುವರು. ಗ್ರಂಥದಲ್ಲಿ ಈ ವಿಂಗಡಣೆ ಸುಲಭ. ನಮ್ಮ ಹಳ್ಳಿಗಳಲ್ಲಿ ಇದು ನಿಲ್ಲುವುದೇ ಎಂಬುದು ನಮ್ಮ ಸಂದೇಹ.

ಮುಂಬಯಿ ಸರಕಾರದವರು 1928ರಲ್ಲಿ ಸ್ಟಾರ್ಟ್ ಎಂಬ ಅಧಿಕಾರಿಗಳ ಅಧ್ಯಕ್ಷತೆಯಲ್ಲಿ ದಲಿತ ವರ್ಗಗಳ ಸ್ಥಿತಿಯನ್ನು ವಿಚಾರಿಸಲು ಒಂದು ಸಮಿತಿಯನ್ನು ನೇಮಿಸಿದರು. ಡಾ. ಅಂಬೇಡ್ಕರ್ ಅವರು ಅದರ ಸದಸ್ಯರು. ಬೆಳಗಾವಿ, ಧಾರವಾಡ, ವಿಜಾಪುರ ಜಿಲ್ಲೆಗಳು ಆಗ ಆ ಪ್ರಾಂತಕ್ಕೆ ಸೇರಿದ್ದವೆಂಬುದನ್ನು ವಾಚಕರು ನೆನೆಯಬೇಕು. 1930ರ ವರದಿಯಲ್ಲಿ ಸಮಿತಿಯು ಕಂಡದ್ದಿಷ್ಟು: ಗೇಣಿಯ ಭೂಮಿ, ಕೂಲಿ, ಊರ ಚಾಕರಿಯ ಆಯ, ಇವೆಲ್ಲಕ್ಕೂ ಈ ಜನರು ಮೇಲಿನವರ ಕೈ ನೋಡತಕ್ಕವರು. ಬಾವಿಗಾಗಿಯೋ ಹಾದಿಗಾಗಿಯೋ ಹಕ್ಕು ಕೇಳಿದೊಡನೆ ಭೂಮಿ ಬಿಡಿಸುವರು, ಕೆಲಸ ನಿಲ್ಲಿಸುವರು. ಅಂಗಡಿಯವನೂ ಸಾಮಾನು ಕೊಡಲಾರನು. ಇಲ್ಲಿ ಲೋಕಾಭಿಪ್ರಾಯವೆಂಬುದು ಭೂಮಿಯುಳ್ಳವರ ಅಭಿಪ್ರಾಯವೇ ಅಲ್ಲದೆ ಮತ್ತೇನು?

ಬಹಿಷ್ಕಾರವನ್ನು ದಂಡನಾರ್ಹವನ್ನಾಗಿ ಮಾಡಬೇಕೆಂದು ದುಂಡುಮೇಜಿನ ಪರಿಷತ್ತಿನಲ್ಲಿ ಅಂಬೇಡ್ಕರ್ ಅವರು ಕೇಳಿದಾಗ ಮಾದರಿಯಾಗಿ ತೋರಿಸಿದ್ದು 1922ರ ಬರ್ಮಾದ ಬಹಿಷ್ಕಾರ ವಿರೋಧಿ ಕಾನೂನನ್ನು. ಅದು ಅಲ್ಲಿಯ ರಾಷ್ಟ್ರೀಯ ಚಳವಳಿಯನ್ನು ಅಡಗಿಸಲು ಹುಟ್ಟಿದ ಕಾನೂನು! ವಿದೇಶೀ ಬಟ್ಟೆಯನ್ನು ಬಹಿಷ್ಕರಿಸಿದ ನಾಡಿಗೆ ಇದು ಮುಜುಗರದ ಮಾತೇ. ಆದರೆ ಬಟ್ಟೆಯ ವರ್ತಕನು ಬೇರೆ ಸರಕು ತರಿಸಬಹುದಾಗಿತ್ತು. ಕೂಲಿಯವನಿಗೆ ಬೇರೊಂದು ಊರು ಎಲ್ಲಿಂದ ಬರಬೇಕು? ಆಯುಧ ಒಂದೇ ಆದರೂ, ಅದನ್ನು ಹಿಡಿದವನ ಸ್ಥಾನವೇನು, ಪೆಟ್ಟು ತಿನ್ನುವವನ ಸ್ಥಾನವೇನು ಎಂಬುದರ ಮೇಲೆ ಅದರ ಹರಿತವಿದೆ.

1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ನೆಲಸಿ ಅಧ್ಯಯನ ನಡೆಸಿದ ಎಂ. ಎನ್. ಶ್ರೀನಿವಾಸ್ ಅವರು (ರಾಂಪುರವೆಂಬುದು ಅವರು ಇಟ್ಟ ಹೆಸರು) ಇದನ್ನೇ ಮತ್ತೊಂದು ದಿಕ್ಕಿನಿಂದ ಕಂಡರು. ಸಂಖ್ಯೆ, ಭೂಮಿ, ಅಧಿಕಾರ ಮೂರೂ ಉಳ್ಳ ಪ್ರಬಲ ಜಾತಿಯ ಹಿರಿಯರು ತಮ್ಮ ಜಾತಿಯ ವ್ಯಾಜ್ಯಗಳನ್ನಷ್ಟೇ ಅಲ್ಲ, ಅನ್ಯರ ವ್ಯಾಜ್ಯಗಳನ್ನೂ ತೀರ್ಮಾನಿಸುತ್ತಿದ್ದರು. ಅವರ ನ್ಯಾಯ ಅನೇಕ ವೇಳೆ ವಿವೇಕದ ನ್ಯಾಯವೇ ಆಗಿದ್ದೀತು. ಜನರು ಬೇಡಿಕೊಂಡು ಹೋಗುತ್ತಿದ್ದುದೂ ಉಂಟು. ಆದರೆ ತೀರ್ಪನ್ನು ಮೀರಿದವನು ಮರುದಿನ ಯಾರ ಗದ್ದೆಗೆ ಹೋಗಬೇಕು?

ಕಾನೂನುಗಳು ಬಂದಿಲ್ಲವೆಂದಲ್ಲ. ಬಹಿಷ್ಕಾರವನ್ನು ತಡೆಯಲು ಮುಂಬಯಿ ಸರಕಾರವು 1949ರಲ್ಲಿ ಮಾಡಿದ ಶಾಸನವನ್ನು ಸುಪ್ರೀಂ ಕೋರ್ಟು 1962ರಲ್ಲಿ ಅಸಿಂಧುಗೊಳಿಸಿತು. ಪರಿಶಿಷ್ಟರ ಮೇಲಣ ದೌರ್ಜನ್ಯವನ್ನು ತಡೆಯುವ 1989ರ ಕಾಯಿದೆಗೆ 2015ರ ತಿದ್ದುಪಡಿಯಿಂದ ಸಾಮಾಜಿಕ, ಆರ್ಥಿಕ ಬಹಿಷ್ಕಾರಗಳೂ ಸೇರಿದವು. ಮಹಾರಾಷ್ಟ್ರವು 2016ರಲ್ಲಿ ಪ್ರತ್ಯೇಕ ಕಾನೂನನ್ನೇ ಮಾಡಿತು. ಇವು ಸ್ವಾಗತಾರ್ಹ. ಆದರೆ ಬಹಿಷ್ಕಾರಕ್ಕೆ ಡಂಗುರ ಹೊಡೆಯಬೇಕಾದ ಅಗತ್ಯವೇ ಇಲ್ಲ. ಈ ವರ್ಷ ಕೆಲಸವಿಲ್ಲವೆಂದು ಒಬ್ಬನು ಹೇಳಿದರೆ, ಅಕ್ಕಿ ಮುಗಿಯಿತೆಂದು ಇನ್ನೊಬ್ಬನು ಹೇಳಿದರೆ ಸಾಕು. ಆದಕಾರಣ ತನಿಖೆಗೆ ಹೋಗುವ ಅಧಿಕಾರಿಗಳು ಪಂಚಾಯತಿಯಲ್ಲಿ ಯಾರು ಏನೆಂದರೆಂಬುದನ್ನಷ್ಟೇ ಕೇಳಿ ಹಿಂದಿರುಗಬಾರದು. ದೂರುಗಾರನು ಯಾರ ಹೊಲದಲ್ಲಿ ದುಡಿಯುವನು, ಯಾರಿಗೆ ಸಾಲಗಾರನು, ನೀರು ತರುವುದೆಲ್ಲಿಂದ, ಸಾಕ್ಷಿ ಹೇಳಬೇಕಾದವರಿಗೆ ಕೂಲಿ ಕೊಡುವವರಾರು ಎಂಬುದನ್ನೂ ಬರೆದುಕೊಂಡು ಬರಬೇಕೆಂದು ನಾವು ಸೂಚಿಸುತ್ತೇವೆ.