ಆರಿದ ಬ್ಯಾಟರಿ ಮತ್ತೆ ಹೊತ್ತುವುದೇಕೆ?

ಪ್ರಶ್ನೆ: ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿಗೆ ಬೆಂಕಿ ಹತ್ತಿದರೆ ಮರಳು ಸುರಿದರೂ ಆರುವುದಿಲ್ಲ, ಆರಿದರೂ ಮತ್ತೆ ಹೊತ್ತಿಕೊಳ್ಳುತ್ತದೆ ಅನ್ನುತ್ತಾರೆ. ನಿಜವೇ?

ಉತ್ತರ: ನಿಜ. ಬ್ಯಾಟರಿ ಪೆಟ್ಟಿಗೆಯೊಳಗೆ ಹತ್ತಾರು, ಕೆಲವೊಮ್ಮೆ ನೂರಾರು ಲಿಥಿಯಂ ಅಯಾನ್ ಸೆಲ್‌ಗಳಿರುತ್ತವೆ. ಪ್ರತಿ ಸೆಲ್‌ನಲ್ಲೂ ಧನ, ಋಣ ಪದರಗಳನ್ನು ಬೇರೆಯಾಗಿಡುವುದು ಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಹಾಳೆ. ಪೆಟ್ಟು ಬಿದ್ದೋ, ಹೊಂದದ ಚಾರ್ಜರಿನಿಂದ ಅತಿಯಾಗಿ ಚಾರ್ಜ್ ಆಗಿಯೋ ಅದು ಹಾಳಾದರೆ ಒಳಗೇ ಶಾರ್ಟ್ ಸರ್ಕ್ಯೂಟ್. ಬಿಸಿಯಿಂದ ರಾಸಾಯನಿಕ ಕ್ರಿಯೆ ಹೆಚ್ಚುತ್ತದೆ, ಅದರಿಂದ ಬಿಸಿ ಇನ್ನೂ ಏರುತ್ತದೆ. ಒಳಗಿನ ದ್ರಾವಣವೇ ಉರಿಯುವಂಥದು. ನಿಕ್ಕಲ್ ಬಳಸಿದ ಸೆಲ್‌ಗಳು ಆಮ್ಲಜನಕವನ್ನೂ ಬಿಡುತ್ತವೆ. ಹಾಗಾಗಿ ಗಾಳಿ ತಡೆದರೆ ಸಾಲದು, ತಣಿಸಬೇಕು. ಅಗ್ನಿಶಾಮಕದವರು ಹೇರಳವಾಗಿ ನೀರು ಹಾಯಿಸುವುದು ಅದಕ್ಕೇ. ಒಳಗೊಂದು ಸೆಲ್ ಬಿಸಿಯಾಗಿಯೇ ಉಳಿದಿದ್ದರೆ ಗಂಟೆಗಳ ಬಳಿಕವೂ ಪಕ್ಕದ್ದು ಹೊತ್ತಬಹುದು.

ಆದರೆ ನೀವು ಬಕೆಟ್ ಹಿಡಿದು ನಿಲ್ಲಬೇಡಿ. ಬ್ಯಾಟರಿ ಬುಸುಗುಟ್ಟುತ್ತ ಬಿಳಿ ಹೊಗೆ ಉಗುಳತೊಡಗಿದರೆ ಎಲ್ಲರನ್ನೂ ಹೊರಗೆ ಕರೆತಂದು, ಬಾಗಿಲೆಳೆದುಕೊಂಡು, 112ಕ್ಕೆ ಫೋನ್ ಮಾಡಿ. ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್‌ನಂಥ ವಿಷಾನಿಲಗಳಿರುತ್ತವೆ. 2022ರ ಸೆಪ್ಟೆಂಬರಿನಲ್ಲಿ ಸಿಕಂದರಾಬಾದಿನ ಕಟ್ಟಡವೊಂದರಲ್ಲಿ ಕೆಳಗೆ ಎಲೆಕ್ಟ್ರಿಕ್ ಸ್ಕೂಟರ್ ಮಳಿಗೆ, ಮೇಲೆ ಲಾಡ್ಜ್ ಇತ್ತು. ಮಳಿಗೆಗೆ ಬೆಂಕಿ ಬಿದ್ದು, ಹೊಗೆ ಮೇಲೇರಿ, 8 ಮಂದಿ ಸತ್ತರು.

ನಮ್ಮ ಬಾಡಿಗೆ ಮನೆಗಳಲ್ಲಿ ಮೆಟ್ಟಿಲ ಕೆಳಗೇ ಸ್ಕೂಟರ್ ಚಾರ್ಜಿಗೆ ಹಾಕಿರುವುದನ್ನು ಕಂಡಾಗಲೆಲ್ಲ ನನಗೆ ಎದೆ ಧಸಕ್ಕೆನ್ನುತ್ತದೆ. ಮೇಲಿನ ಮನೆಯವರಿಗೆ ಇಳಿಯಲು ಇರುವುದು ಅದೊಂದೇ ದಾರಿ. ದಯವಿಟ್ಟು ಆ ಜಾಗ ಇವತ್ತೇ ಬದಲಿಸಿ. ಎಲ್ಲರೂ ಮಲಗಿದ ಮೇಲೆ ಚಾರ್ಜ್ ಮಾಡಬೇಡಿ, ಉಬ್ಬಿದ ಬ್ಯಾಟರಿಯನ್ನಂತೂ ಮತ್ತೆ ಪ್ಲಗ್ಗಿಗೆ ಹಾಕಲೇಬೇಡಿ.